ಎಂಟು ಜಿಬಿಯಲ್ಲಿ ತುಳಸಿ

ಹೆಂಡತಿ ತುಳಸಿ ತೀರಿಕೊಂಡು ಏಳು ತಿಂಗಳಾದ ಮೇಲೆ, ಎರಡು ಸಾವಿರದ ಹತ್ತರ ಜನವರಿಯ ಒಂದು ಬೆಳಿಗ್ಗೆ, ತ್ಯಾಗರಾಜರ ಮೊಬೈಲಿಗೆ ಮಗಳು ಹರಿಪ್ರಿಯಾಳ ಸಂದೇಶ ಬಂತು. ಅಮ್ಮನ ವಿಡಿಯೊಗಳೆಲ್ಲ ತನಗೆ ಬೇಕು, ಲ್ಯಾಪ್‌ಟಾಪಿನಲ್ಲಿ ಜಾಗ ಕಡಿಮೆ ಇದೆ, ಎಂಟು ಜಿಬಿಯ ಒಂದು ಪೆನ್ ಡ್ರೈವಿನಲ್ಲಿ ಹಿಡಿಯುವ ಹಾಗೆ ಮಾಡಿಕೊಂಡು ಬನ್ನಿ ಎಂದಿತ್ತು. ನಾಸಿಕದ ಹತ್ತಿರದ ಓಝರ್ ಟೌನ್‌ಶಿಪ್ಪಿನ ಕ್ವಾರ್ಟರ್ಸಿನಲ್ಲಿ, ಅಡುಗೆಕಟ್ಟೆಯ ಮುಂದೆ ನಿಂತು ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚುತ್ತಿದ್ದ ತ್ಯಾಗರಾಜರು ಅದನ್ನು ಎರಡು ಸಲ ಓದಿದರು. ‘ಓಕೆ’ ಎಂದು ಬರೆದು, ಬ್ರೆಡ್ಡು ತಿಂದು, ತಟ್ಟೆ ತೊಳೆದಿಟ್ಟು ಕಾರ್ಖಾನೆಗೆ ಹೊರಟರು.

ಆ ಏಳು ತಿಂಗಳಲ್ಲಿ ಅವರು ಡ್ಯೂಟಿ ತಪ್ಪಿಸಿರಲಿಲ್ಲ, ಶೇವಿಂಗ್ ತಪ್ಪಿಸಿರಲಿಲ್ಲ. ಗದುಗಿಗೆ ಹೋಗಿ ಕರ್ಮ ಮುಗಿಸಿಕೊಂಡು ಬಂದ ಮಾರನೇ ದಿನವೇ ವಿಮಾನದ ಬಿಡಿಭಾಗಗಳ ತಪಾಸಣೆ ಟೇಬಲ್ಲಿನ ಮುಂದೆ ಕುಳಿತಿದ್ದರು. ಅಳು ಬರಬಹುದೆಂದು ಮೊದಮೊದಲು ಕಾದರು. ಬರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಆದರೆ ತನ್ನದೆನ್ನಿಸುವುದಿಲ್ಲ, ಒಳಗೆ ಹಾಗಿತ್ತು. ಎದುರು ಮನೆಯ ವಿಶ್ವನಾಥಪ್ಪ, ರಾಣೆಬೆನ್ನೂರಿನವರು, ದಿನಾ ಸಂಜೆ ಬಾಗಿಲಲ್ಲಿ ನಿಂತು “ಊಟದ್ದು ಏನ್ ಮಾಡೀರ್ರೀ?” ಎಂದು ಕೇಳುತ್ತಿದ್ದರು. “ಆಗೇತ್ರಿ” ಎಂದು ಇವರು ಹೇಳುತ್ತಿದ್ದರು. ಆಗಿರುತ್ತಿತ್ತು ಕೂಡ.

ಹರಿಪ್ರಿಯಾಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ನಾಸಿಕದ ಶಾಲೆಯಲ್ಲಿ ಅವಳು ಓದಲು ಬರೆಯಲು ಕಲಿತದ್ದು ಮರಾಠಿಯಲ್ಲಿ. ಆದರೆ ಅದಕ್ಕೂ ಮೊದಲೇ ತುಳಸಿ ಮಗಳ ಜೊತೆ ತನ್ನದೇ ಒಂದು ಕೈಭಾಷೆ ಕಟ್ಟಿಕೊಂಡಿದ್ದಳು. ಎರಡು ಅಂಗೈ ಬಡಿದರೆ ರೊಟ್ಟಿ. ಕಿವಿಯ ಹಿಂದೆ ಬೆರಳಾಡಿಸಿದರೆ ಮಲ್ಲಿಗೆ. ಕೈ ಆಡಿಸುವಾಗಲೆಲ್ಲ ಬಾಯಲ್ಲೂ ಕನ್ನಡದಲ್ಲಿ ಹೇಳುತ್ತಿದ್ದಳು, ಮಗಳು ತುಟಿ ಓದಲಿ ಎಂದು. ತ್ಯಾಗರಾಜರಿಗೆ ಹತ್ತಿಪ್ಪತ್ತು ಸನ್ನೆ ಬರುತ್ತಿದ್ದವು. ಅದಕ್ಕಿಂತ ಹೆಚ್ಚಿನದಿದ್ದರೆ ತುಳಸಿ ಇದ್ದಳು. ಮಗಳು ಏನಂದಳು ಎಂದು ಹೆಂಡತಿಯನ್ನು ಕೇಳುವುದು, ತಾನು ಹೇಳುವುದನ್ನು ಹೆಂಡತಿಗೆ ಹೇಳುವುದು, ಇಪ್ಪತ್ತೆರಡು ವರ್ಷ ಹೀಗೆಯೇ ನಡೆದಿತ್ತು.

ಮದುವೆಯಾಗಿ ಹರಿಪ್ರಿಯಾ ಔರಂಗಾಬಾದಿಗೆ ಹೋದಳು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು, ಆಗ ಬಸ್ಸಿನ ಬೋರ್ಡಿನಲ್ಲಿ ಔರಂಗಾಬಾದೇ. ಅಳಿಯ ಚೇತನನಿಗೂ ಕಿವಿ ಕೇಳುವುದಿಲ್ಲ. ಧಾರವಾಡದಿಂದ ವರ್ಗವಾಗಿ ಬಂದ ಬ್ಯಾಂಕಿನವರೊಬ್ಬರ ಮಗ, ವಾಳೂಜ್ ಕಡೆಯ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ. ತಾಯಿ ಮಗಳು ಫೋನಿನಲ್ಲಿ ಮಾತಾಡುವ ಹಾಗಿರಲಿಲ್ಲ. ಆದ್ದರಿಂದ ತುಳಸಿ ಒಂದು ಹ್ಯಾಂಡಿಕ್ಯಾಮ್ ಕೊಡಿಸಿಕೊಂಡಳು. ತಿಂಗಳಿಗೊಮ್ಮೆ ನಡುಮನೆಯ ಗೋಡೆಗೆ ಕುರ್ಚಿ ಹಾಕಿ ಕೂತು ಕಾಲು ಗಂಟೆ ಮಗಳಿಗೆ ಊರ ಸುದ್ದಿ ಹೇಳುವಳು. ತ್ಯಾಗರಾಜರು ಗುಂಡಿ ಒತ್ತಿ, ಕೆಂಪು ದೀಪ ಹತ್ತಿತೇ ನೋಡಿ, ಪೇಪರ್ ಹಿಡಿದು ಒಳಗೆ ಹೋಗುತ್ತಿದ್ದರು. ಟೇಪು ತುಂಬಿದಾಗ ಅದನ್ನು ಕಂಪ್ಯೂಟರಿಗೆ ಇಳಿಸುವುದು, ಟೇಪನ್ನೂ ಕ್ಯಾಮೆರಾವನ್ನೂ ಮಗಳ ಮನೆಗೆ ಒಯ್ದು ಟಿವಿಗೆ ಸೇರಿಸಿ ತೋರಿಸಿ ಬರುವುದು, ಆಮೇಲೆ ಅದೇ ಟೇಪಿನ ಮೇಲೆ ಮತ್ತೆ ತುಂಬಿಸುವುದು. ಹೀಗೆ ನಾಲ್ಕು ವರ್ಷದಲ್ಲಿ ಹನ್ನೊಂದು ಟೇಪಿನಷ್ಟು, ಅಂದರೆ ಹನ್ನೊಂದು ಗಂಟೆಯ ತುಳಸಿ ಆ ಹಳೆಯ ಕಂಪ್ಯೂಟರಿನೊಳಗೆ ಕೂಡಿಬಿದ್ದಿದ್ದಳು.

ಭಾನುವಾರ ಅವರು ಓಝರ್ ಪೇಟೆಗೆ ಹೋಗಿ ಅತುಲ್‌ನನ್ನು ಕಂಡರು. ನಿಫಾಡ್ ಕಡೆಯ ದ್ರಾಕ್ಷಿ ತೋಟದವರ ಮದುವೆಗಳನ್ನೆಲ್ಲ ಶೂಟ್ ಮಾಡುವವನು ಅವನು. ತಲೆಗೂದಲು ಆಗಲೇ ಅರ್ಧ ಉದುರಿದ, ಮೂರು ಮಕ್ಕಳ ತಂದೆ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು.

“ಕಾಕಾ, ಟೇಪಿನಿಂದ ಇಳಿಸಿದ್ದು ಹಾಗೆಯೇ ಇದೆಯಾ? ಹಾಗಿದ್ದರೆ ಗಂಟೆಗೆ ಹದಿಮೂರು ಜಿಬಿ. ನಿಮ್ಮದು ಒಟ್ಟು ನೂರ ನಲವತ್ಮೂರು ಆಯಿತು.”

“ಎಂಟರಲ್ಲಿ ಕೂರಿಸಬೇಕು.”

“ಕೂರುತ್ತೆ. ಅಳತೆಗೆ ಬಟ್ಟೆ ಕತ್ತರಿಸಿದ ಹಾಗಲ್ಲ ಇದು, ಮಡಿಚಿದ ಹಾಗೆ. ಗೋಡೆ ಅಲ್ಲಾಡುವುದಿಲ್ಲ, ಅದಕ್ಕೆ ಜಾಗ ಬೇಕಿಲ್ಲ. ಒಂದು ಸಲ ಬರೆದು, ಮುಂದಕ್ಕೆ ‘ಮೊದಲಿನ ಹಾಗೇ’ ಅಂದರೆ ಮುಗಿಯಿತು. ಅಲ್ಲಾಡುವುದಕ್ಕೆ ಮಾತ್ರ ಜಾಗ ಕೊಡಬೇಕು. ಒಂದು ಸೆಕೆಂಡಿಗೆ ಎಷ್ಟು ಜಾಗ ಅನ್ನುವುದೇ ಬಿಟ್‌ರೇಟ್. ಅದನ್ನು ಇಳಿಸುತ್ತ ಬನ್ನಿ, ಎಲ್ಲಿ ಕಣ್ಣಿಗೆ ಚುಚ್ಚುತ್ತದೋ ಅಲ್ಲಿ ನಿಲ್ಲಿಸಿ.”

“ಎಷ್ಟು ಹಾಳಾಗುತ್ತದೆ?”

“ಏನೋ ಒಂದಿಷ್ಟು ಹೋಗೇ ಹೋಗುತ್ತೆ. ಹೋದದ್ದು ಯಾರಿಗೂ ಗೊತ್ತಾಗಬಾರದು, ಅಷ್ಟೇ.” ಅತುಲ್ ಒಂದು ಸಿಡಿಗೆ ಉಚಿತ ಪ್ರೋಗ್ರಾಮ್ ಹಾಕಿಕೊಟ್ಟ. ಏಳುವಾಗ ಹೇಳಿದ: “ಕಾಕಾ, ಮೂಲ ಫೈಲು ಮಾತ್ರ ಅಳಿಸಬೇಡಿ. ಬೇಕಿದ್ದರೆ ಇನ್ನೊಂದು ಹಾರ್ಡ್ ಡಿಸ್ಕ್ ತಗೊಳ್ಳಿ.”

ತ್ಯಾಗರಾಜರು ಹೂಂ ಎಂದರು.

ಎಷ್ಟು ಹಾಳಾದರೆ ನಡೆಯುತ್ತದೆ ಎನ್ನುವುದು ಅವರ ಕಸುಬೇ. ಮೂವತ್ತು ವರ್ಷ ಅದನ್ನೇ ಮಾಡಿದ್ದರು. ಒಂದು ತಗಡಿನ ಮೇಲೆ ಗೀರಿದ್ದರೆ ಅದರ ಆಳ ಅಳೆಯಬೇಕು. ಇಷ್ಟರೊಳಗಿದ್ದರೆ ಮುದ್ರೆ ಒತ್ತಬೇಕು, ದಾಟಿದ್ದರೆ ಕೆಂಪು ಚೀಟಿ ಕಟ್ಟಿ ಪಕ್ಕಕ್ಕಿಡಬೇಕು. ಮನೆಗೆ ಬಂದು ಮೊದಲ ಟೇಪಿನ ಒಂದು ನಿಮಿಷ ಕತ್ತರಿಸಿ ಅದನ್ನು ಅತುಲ್ ಕೊಟ್ಟ ಪ್ರೋಗ್ರಾಮಿನಲ್ಲಿ ಚಿಕ್ಕದಾಗಿ ಹಿಂಡಿ ನೋಡಿದರು. ತುಳಸಿಯ ಮುಖ ಚೆನ್ನಾಗಿತ್ತು. ಸೀರೆಯ ಅಂಚು ಚೆನ್ನಾಗಿತ್ತು. ಮುದ್ರೆ ಒತ್ತಬಹುದು ಎನ್ನಿಸಿತು. ಆ ತುಣುಕನ್ನು ಮಗಳಿಗೆ ಇಮೇಲ್ ಮಾಡಿದರು. ಅಷ್ಟು ಹೋಗಲಿಕ್ಕೇ ಅರ್ಧ ಗಂಟೆ ಹಿಡಿಯಿತು.

ಉತ್ತರ ಮಾರನೇ ದಿನ ಬಂತು. ‘ಅಪ್ಪಾ, ಬೆರಳು ಓದಲಿಕ್ಕೆ ಆಗುತ್ತಿಲ್ಲ. ಅಮ್ಮ ಉಪ್ಪು ಅನ್ನುತ್ತಿದ್ದಾಳೋ, ಹತ್ತು ಅನ್ನುತ್ತಿದ್ದಾಳೋ?’

ಅವರು ಮತ್ತೆ ಹಾಕಿ, ತುಳಸಿ ಕೈ ಎತ್ತಿದಲ್ಲಿ ನಿಲ್ಲಿಸಿ ನೋಡಿದರು. ಬೆರಳುಗಳ ಅಂಚಿಗೆಲ್ಲ ಬಾಚಣಿಗೆಯ ಹಲ್ಲು ಮೂಡಿದ್ದವು. ಅತುಲ್ ಫೋನಿನಲ್ಲಿ ಕಾರಣ ಹೇಳಿದ. ಆ ಕ್ಯಾಮೆರಾ ಒಂದೊಂದು ಚಿತ್ರವನ್ನೂ ಎರಡು ಅರ್ಧ ಮಾಡಿ ಹಿಡಿಯುತ್ತದೆ. ಮೊದಲು ಒಂದು ಬಿಟ್ಟು ಒಂದು ಗೆರೆ, ಆಮೇಲೆ ಉಳಿದ ಗೆರೆ. ನಡುವೆ ಸೆಕೆಂಡಿನ ಐವತ್ತನೇ ಒಂದು ಪಾಲು. ಅಷ್ಟರಲ್ಲಿ ಮುಖ ಅಲುಗುವುದಿಲ್ಲ, ಬೆರಳು ಅಲುಗಿಬಿಡುತ್ತದೆ. ಎರಡು ಅರ್ಧಗಳನ್ನು ಬೆರೆಸುವ ಆಯ್ಕೆ ಒತ್ತಿ ನೋಡಿದಾಗ ಬಾಚಣಿಗೆ ಹೋಗಿ ತುಳಸಿಗೆ ಆರು ಬೆರಳು ಬಂದವು, ಆರನೆಯದು ಹೊಗೆಯಂಥದ್ದು. ಕೆಂಪು ಚೀಟಿ. ಮೂರನೆಯ ಸಲ ಒಂದೊಂದು ಅರ್ಧವನ್ನೂ ಒಂದು ಪೂರ್ತಿ ಚಿತ್ರವೆಂದು ಮಾಡಿ, ಸೆಕೆಂಡಿಗೆ ಐವತ್ತು ಚಿತ್ರ ಇಟ್ಟರು. ಬೆರಳು ಒಡೆದ ಶೇಂಗಾಕಾಳಿನ ಹಾಗೆ ಬಿಡಿಬಿಡಿಯಾಗಿ ಕಂಡವು. ಅದನ್ನು ಕಳಿಸಿದಾಗ ‘ಹತ್ತು! ಹತ್ತು ಗಂಟೆ ಬಸ್ಸು!’ ಎಂದು ಮಗಳು ಬರೆದಳು.

ಆದರೆ ಚಿತ್ರದ ಸಂಖ್ಯೆ ಎರಡರಷ್ಟಾದ್ದರಿಂದ ಜಾಗವೂ ಹೆಚ್ಚು ಬೇಕಾಯಿತು. ಕ್ಯಾಲ್ಕುಲೇಟರ್ ಇಟ್ಟುಕೊಂಡು ಕೂತರು. ಎಂಟು ಜಿಬಿಗೆ ಸ್ವಲ್ಪ ಮೀರುತ್ತಿತ್ತು. ಬಿಟ್‌ರೇಟ್ ಇನ್ನೂ ಇಳಿಸಿದರೆ ಕೈ ಬೇಗ ಆಡಿದಲ್ಲಿ ಚೌಕ ಚೌಕ ಒಡೆಯುತ್ತಿತ್ತು. ಪರದೆಯ ಕೆಳಗಡೆ ಧ್ವನಿಗೆಂದು ಬೇರೆ ಒಂದು ಸಾಲು ಇತ್ತು. ಹನ್ನೊಂದು ಗಂಟೆಯ ಧ್ವನಿಗೆ ಆರುನೂರು ಎಂಬಿಯ ಮೇಲೆ ಹೋಗುತ್ತಿತ್ತು. ಅಷ್ಟು ಜಾಗ ಬೆರಳುಗಳಿಗೆ ಕೊಟ್ಟರೆ ಎಲ್ಲ ಸರಿಯಾಗಿ ಕೂರುತ್ತದೆ. ಮಗಳಿಗೆ ಕೇಳುವುದಿಲ್ಲ, ಅಳಿಯನಿಗೆ ಕೇಳುವುದಿಲ್ಲ. ಇನ್ನು ಕೇಳುವವರು ಯಾರಿದ್ದಾರೆ? ಅವರು ‘ಧ್ವನಿ ಬೇಡ’ ಎಂಬ ಚೌಕದಲ್ಲಿ ಟಿಕ್ ಮಾಡಿದರು. ಲೆಕ್ಕ ಸರಿಹೋಯಿತು ಎಂಬ ಸಮಾಧಾನ ಮಾತ್ರ ಆಯಿತು. ತಾವೂ ಒಬ್ಬರು ಕೇಳುವವರು ಎನ್ನುವುದು ಆ ಲೆಕ್ಕದಲ್ಲಿ ಬರಲಿಲ್ಲ.

ಮುಂದಿನ ಎರಡು ವಾರ ಒಂದೇ ಕ್ರಮ ನಡೆಯಿತು. ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಒಂದು ಟೇಪಿನ ಫೈಲನ್ನು ಹಿಂಡಲು ಹಚ್ಚುವುದು. ಆ ಹಳೆಯ ಕಂಪ್ಯೂಟರು ಒಂದು ಗಂಟೆಯ ವಿಡಿಯೊ ಒಂದು ಸಲ ಪೂರ್ತಿ ನೋಡಿ ಎಲ್ಲೆಲ್ಲಿ ಅಲುಗಾಟ ಹೆಚ್ಚು ಎಂದು ಗುರುತು ಮಾಡಿಕೊಳ್ಳುತ್ತಿತ್ತು, ಎರಡನೇ ಸಲ ಬರೆಯುತ್ತಿತ್ತು. ಸಂಜೆ ಬರುವ ಹೊತ್ತಿಗೆ ಫ್ಯಾನು ಕೊಂಯ್ ಎನ್ನುತ್ತಿರುವಾಗ ಕೆಲಸ ಮುಗಿದಿರುತ್ತಿತ್ತು. ಚಹಾ ಮಾಡಿಕೊಂಡು ಬಂದು, ಹಿಂಡಿದ್ದನ್ನು ಮೊದಲಿಂದ ಕೊನೆಯವರೆಗೆ ನೋಡುವುದು. ಬೆರಳು ಸರಿ ಇದ್ದರೆ ಕಾಗದದ ಮೇಲೆ ಟೇಪಿನ ನಂಬರಿನ ಮುಂದೆ ಒಂದು ಗುರುತು ಹಾಕಿ, ಮೂಲ ಫೈಲು ಅಳಿಸುವುದು. ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ, ಅಳಿಸದೆ ಮುಂದಿನದನ್ನು ಮಾಡುವ ಹಾಗಿರಲಿಲ್ಲ. ಅತುಲ್ ಹೇಳಿದ್ದು ನೆನಪಿತ್ತು. ಆದರೆ ಇನ್ನೊಂದು ಡಿಸ್ಕಿಗಾಗಿ ನಾಸಿಕಕ್ಕೆ ಹೋಗಬೇಕು, ಅಂಗಡಿಯವನ ಹತ್ತಿರ ಮಾತಾಡಬೇಕು. ತಪಾಸಣೆ ಮಾಡಿ ಮುದ್ರೆ ಒತ್ತಿದ ಮೇಲೆ ಹಳೆಯದನ್ನು ಇಟ್ಟುಕೊಂಡು ಏನು ಮಾಡುವುದು ಎನ್ನಿಸಿತು.

ಹೆಂಡತಿ ಜೀವಂತ ಇದ್ದಾಗ ಅವರು ಆಕೆಯನ್ನು ಒಂದೇ ಸಮ ಒಂದು ಗಂಟೆ ನೋಡಿದ್ದು ಎಂದೂ ಇರಲಿಲ್ಲ. ಈಗ ದಿನಾ ಒಂದು ಗಂಟೆ ನೋಡುತ್ತಿದ್ದರು, ಅದೂ ಬರೀ ಬೆರಳುಗಳನ್ನು. ಉಂಗುರ ಬೆರಳಿನ ಉಗುರು ಸೀಳಿದ್ದು ಮೂರನೇ ಟೇಪಿನಲ್ಲಿ. ಏಳನೆಯದರಲ್ಲಿ ಅಂಗೈಗೆ ಸುಟ್ಟ ಗಾಯ. ಕೆಲವು ಸನ್ನೆ ಮತ್ತೆ ಮತ್ತೆ ಬರುತ್ತಿದ್ದವು. ಎರಡು ಬೆರಳಿಂದ ಎಡ ಎದೆ ತಟ್ಟಿಕೊಳ್ಳುವುದೊಂದಿತ್ತು. ಎದೆನೋವೋ ಏನೋ ಎಂದು ಮೊದಲು ಅಂದುಕೊಂಡರು. ಐದನೇ ಟೇಪಿನಲ್ಲಿ ಆಕೆ ಹಾಗೆ ತಟ್ಟಿಕೊಂಡು, ಪೇಪರ್ ಬಿಡಿಸಿದಂತೆ ಮಾಡಿ, ಗೊರಕೆ ಹೊಡೆಯುವವರ ಹಾಗೆ ಬಾಯಿ ತೆರೆದಾಗ ಅರ್ಥವಾಯಿತು. ಅಂಗಿಯ ಜೇಬು. ಜೇಬಿಗೆ ಸಿಕ್ಕಿಸಿದ ಪೆನ್ನು. ಅದು ತಾವು.

ನಗು ಬರಬೇಕಿತ್ತು. ಅವರು ಕಾಗದದ ಮೇಲೆ ಐದಕ್ಕೆ ಗುರುತು ಹಾಕಿದರು.

ಕೊನೆಯ ಮೂರು ಟೇಪು ಮೊಮ್ಮಗಳು ಮೃದುಲಾ ಹುಟ್ಟಿದ ಮೇಲಿನವು. ಅವುಗಳಲ್ಲಿ ಬಹಳಷ್ಟು ಹೊತ್ತು ತುಳಸಿಯ ಕೈಗಳು ಮಡಿಲಲ್ಲೇ ಇರುತ್ತಿದ್ದವು. ಕ್ಯಾಮೆರಾದ ಕಡೆ ಸ್ವಲ್ಪ ಬಗ್ಗಿ, ಹುಬ್ಬೆತ್ತಿ, ಬಾಯಿ ಮಾತ್ರ ಆಡಿಸುತ್ತಿದ್ದಳು. ಬೆರಳು ಅಲುಗದ ಮೇಲೆ ಅಲ್ಲಿ ತಪಾಸಣೆ ಮಾಡಲು ಏನೂ ಇರಲಿಲ್ಲ. ಅವರು ಆ ಭಾಗಗಳನ್ನು ಓಡಿಸಿ ಮುಂದೆ ಹೋದರು.

ಫೆಬ್ರವರಿ ಎರಡನೇ ವಾರ ಹನ್ನೊಂದೂ ಮುಗಿದವು. ಪೆನ್ ಡ್ರೈವಿನಲ್ಲಿ ಬೆರಳೆಣಿಕೆಯಷ್ಟು ಎಂಬಿ ಜಾಗ ಉಳಿಯಿತು. ಖಾಲಿಯಾದ ಕಂಪ್ಯೂಟರಿನ ಡಿಸ್ಕನ್ನು ಅಚ್ಚುಕಟ್ಟು ಮಾಡುವ ಪ್ರೋಗ್ರಾಮ್ ಓಡಿಸಿ, ಚೊಕ್ಕಟವಾಗಿಟ್ಟು, ಶನಿವಾರ ಬೆಳಿಗ್ಗೆ ನಿಫಾಡಿಗೆ ಹೋಗಿ ಔರಂಗಾಬಾದಿನ ಬಸ್ಸು ಹತ್ತಿದರು. ಯೇವಲೆ ದಾಟುವವರೆಗೆ ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು. ಪೆನ್ ಡ್ರೈವ್ ಅಲ್ಲಿತ್ತು.

ಗಾರಖೇಡಾದ ಎರಡು ಕೋಣೆಯ ಮನೆಯಲ್ಲಿ ಹರಿಪ್ರಿಯಾ ಲ್ಯಾಪ್‌ಟಾಪನ್ನು ಆಗಲೇ ಟೀಪಾಯಿಯ ಮೇಲೆ ಇಟ್ಟುಕೊಂಡು ಕಾದಿದ್ದಳು. ಚೇತನ ಮಾವನ ಕಾಲು ಮುಟ್ಟಿ, ನೀರು ತಂದುಕೊಟ್ಟ. ಮೊದಲ ಟೇಪು ಹಚ್ಚಿದರು. ತುಳಸಿ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡು ಕೈ ಎತ್ತಿದಳು. ಹರಿಪ್ರಿಯಾಳ ಬೆನ್ನು ನೆಟ್ಟಗಾಯಿತು. ತಾಯಿ ಏನೋ ಕೇಳಿದ್ದಕ್ಕೆ ತನಗೇ ಗೊತ್ತಿಲ್ಲದೆ ಅವಳ ಕೈ ಉತ್ತರ ಕೊಟ್ಟಿತು. ಚೇತನ ನಕ್ಕ. ಅವಳು ತಂದೆಯ ಕಡೆ ತಿರುಗಿ, ಬೆರಳುಗಳನ್ನು ತೋರಿಸಿ, ಚೆನ್ನಾಗಿದೆ ಎಂದು ಹೆಬ್ಬೆರಳೆತ್ತಿದಳು. ತ್ಯಾಗರಾಜರು ತಲೆಯಾಡಿಸಿದರು. ಕೆಲಸ ಪಾಸಾಗಿತ್ತು.

ಆಮೇಲೆ ಅವಳು ಬಲ ಅಂಗೈಯನ್ನು ಲ್ಯಾಪ್‌ಟಾಪಿನ ಸ್ಪೀಕರಿನ ಮೇಲೆ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದಳು. ಹುಬ್ಬು ಗಂಟಿಕ್ಕಿ, ವಾಲ್ಯೂಮ್ ಪೂರ್ತಿ ಏರಿಸಿ ಮತ್ತೆ ಇಟ್ಟಳು. ಅಮ್ಮನ ಟೇಪು ಟಿವಿಯಲ್ಲಿ ಹಾಕಿದಾಗಲೆಲ್ಲ ಅವಳು ಟಿವಿಯ ಪಕ್ಕಕ್ಕೆ ಅಂಗೈ ಒತ್ತಿಯೇ ಕೂತಿರುತ್ತಿದ್ದದ್ದು ತ್ಯಾಗರಾಜರಿಗೆ ಆಗ ನೆನಪಾಯಿತು. ಎಷ್ಟೋ ಸಲ ನೋಡಿದ್ದರು. ಯಾಕೆಂದು ಕೇಳಿರಲಿಲ್ಲ.

ಹರಿಪ್ರಿಯಾ ಎದ್ದು ಪಕ್ಕದ ಮನೆಯಿಂದ ಮೃದುಲಾಳನ್ನು ಕರೆತಂದಳು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವ ಅಲಕಾತಾಯಿಯೂ ಜೊತೆಗೆ ಬಂದರು. ಎರಡೂವರೆ ವರ್ಷದ ಹುಡುಗಿ, ಕಿವಿ ಚುರುಕು, ಅಲಕಾತಾಯಿಯ ಮರಾಠಿ ಪಟಪಟನೆ ಆಡುವವಳು. ಹರಿಪ್ರಿಯಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪರದೆ ತೋರಿಸಿದಳು.

ಮಗು ನೋಡಿತು. ಬಗ್ಗಿ ಕಿವಿಯಿಟ್ಟಿತು.

“ಆಜೀ ಬೋಲತ್ ನಾಹೀ,” ಎಂದಿತು. ಅಜ್ಜಿ ಮಾತಾಡ್ತಾ ಇಲ್ಲ.

ಅಲಕಾತಾಯಿ ತ್ಯಾಗರಾಜರ ಮುಖ ನೋಡಿ, “ಆವಾಜ್ ಬರುತ್ತಿಲ್ಲ, ಭಾವೂಜಿ. ವೈರು ಸಡಿಲವೇನೋ?” ಎಂದರು.

ತ್ಯಾಗರಾಜರು ಆ ಮನೆಯಲ್ಲಿ ಮಾತಿಗೆಂದು ಇಟ್ಟಿರುತ್ತಿದ್ದ ಚೀಟಿ ಪುಸ್ತಕ ತೆಗೆದುಕೊಂಡು ಮರಾಠಿಯಲ್ಲಿ ಬರೆದರು. ‘ಧ್ವನಿ ತೆಗೆದಿದ್ದೇನೆ. ಜಾಗ ಸಾಲಲಿಲ್ಲ. ನಿಮಗೆ ಬೇಡವೆಂದುಕೊಂಡೆ.’

ಹರಿಪ್ರಿಯಾ ಓದಿ, ಪುಸ್ತಕ ಕಸಿದುಕೊಂಡು ಬರೆದಳು. ‘ಮೃದೂಗೆ ಬೇಕು. ನಾವಿಬ್ಬರೂ ಅವಳಿಗೆ ಮಾತು ಕಲಿಸುವ ಹಾಗಿಲ್ಲ. ಮರಾಠಿ ಅಲಕಾತಾಯಿ ಕಲಿಸುತ್ತಾರೆ. ಕನ್ನಡ ಅಮ್ಮನಿಂದ ಬರಲಿ ಅಂತಲೇ ಕೇಳಿದ್ದು. ಮೂಲದ್ದು ತನ್ನಿ.’

ಅವರು ಬರೆಯಲಿಲ್ಲ. ಕೈಯಿಂದ ಒರೆಸಿ ಹಾಕುವ ಸನ್ನೆ ಮಾಡಿದರು. ಅವಳು ಹನ್ನೊಂದು ಎಂದು ಬೆರಳಲ್ಲಿ ತೋರಿಸಿ ಕೇಳಿದಳು. ಅವರು ಹನ್ನೊಂದು ಎಂದು ತೋರಿಸಿದರು.

ಹರಿಪ್ರಿಯಾ ಎದ್ದು ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟಳು. ಚೇತನ ಏನು ಮಾಡುವುದೆಂದು ತಿಳಿಯದೆ ಮತ್ತೊಮ್ಮೆ ವಾಲ್ಯೂಮ್ ಏರಿಸಿ ಇಳಿಸಿ ನೋಡಿದ. ತ್ಯಾಗರಾಜರು ಕುರ್ಚಿಯಲ್ಲಿ ಕೂತೇ ಇದ್ದರು. ತುಳಸಿಯ ದನಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದರು. ‘ಏನ್ರೀ’ ಎನ್ನುತ್ತಿದ್ದಳು. ಶಬ್ದ ನೆನಪಿಗೆ ಬಂತು, ದನಿ ಬರಲಿಲ್ಲ. ಅವರದೇ ದನಿಯಲ್ಲಿ ‘ಏನ್ರೀ’ ಎಂದು ಕೇಳಿಸಿತು.

ಮರಳಿ ಬಂದ ಮೇಲೆ ಅತುಲ್ ಕಂಪ್ಯೂಟರನ್ನು ಅಂಗಡಿಗೆ ಒಯ್ದು ಎರಡು ದಿನ ಕೂತ. ಅಳಿಸಿದ ಫೈಲುಗಳ ಹೆಸರು ಕೆಲವು ಸಿಕ್ಕವು, ಒಂದೂ ತೆರೆಯಲಿಲ್ಲ. ಕ್ಯಾಮೆರಾದಲ್ಲಿದ್ದ ಟೇಪಿನ ಮೇಲೂ ಗದುಗಿನ ಕರ್ಮದ ಚಿತ್ರ ತುಂಬಿಹೋಗಿತ್ತು. “ಡಿಸ್ಕು ಅಚ್ಚುಕಟ್ಟು ಮಾಡದೆ ಬಿಟ್ಟಿದ್ದರೆ ಏನಾದರೂ ಸಿಗುತ್ತಿತ್ತು, ಕಾಕಾ,” ಎಂದ. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ವಿಶ್ವನಾಥಪ್ಪನವರಿಗೆ ವಿಷಯ ಗೊತ್ತಾಗಿ ಸಂಜೆ ಬಂದು ಕೂತರು. “ನಮ್ಮ ಮನ್ಯಾಗಿನ ಫೋನಿನ್ಯಾಗ ತುಳಸಕ್ಕನ ಆವಾಜ್ ಏನರೆ ಅದ ಏನು ಅಂತ ನಮ್ಮಾಕಿ ಎಲ್ಲಾ ಹುಡುಕಿದ್ಲು. ಇಲ್ರಿ,” ಎಂದರು. ತ್ಯಾಗರಾಜರು “ಇರಲಿ ಬಿಡ್ರಿ” ಎಂದರು.

ಹದಿನೈದು ದಿನ ಕಳೆದ ಮೇಲೆ ಹರಿಪ್ರಿಯಾಳ ಸಂದೇಶ ಬಂತು. ‘ಶನಿವಾರ ಬನ್ನಿ. ಒಂಬತ್ತನೇ ಟೇಪು.’

ಹೋದಾಗ ಅವಳು ಒಂಬತ್ತನೇ ಟೇಪನ್ನು ತುಳಸಿ ಕೈ ಮಡಿಲಲ್ಲಿಟ್ಟು ಮೊಮ್ಮಗಳಿಗೆಂದು ಬಾಯಲ್ಲೇ ಮಾತಾಡಿದ ಜಾಗಕ್ಕೆ ತಂದು ನಿಲ್ಲಿಸಿದ್ದಳು. ತಂದೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಮಗುವನ್ನು ಇಬ್ಬರ ನಡುವೆ ಇಟ್ಟುಕೊಂಡಳು. ಪರದೆಯ ಮೇಲಿನ ತುಟಿಗಳನ್ನು ತೋರಿಸಿದಳು, ತನ್ನ ಕಣ್ಣು ತೋರಿಸಿದಳು. ಆಮೇಲೆ ತನ್ನ ಕೈ, ಅದರಿಂದ ತಂದೆಯ ಬಾಯಿ, ಅಲ್ಲಿಂದ ಮಗುವಿನ ಕಿವಿ. ಅವರಿಗೆ ಅರ್ಥವಾಯಿತು. ಅವಳು ಓದುತ್ತಾಳೆ, ಸನ್ನೆ ಮಾಡುತ್ತಾಳೆ, ತಾವು ಹೇಳಬೇಕು.

ತನಗೆ ಸನ್ನೆ ಬರುವುದಿಲ್ಲ ಎಂದು ತಲೆಯಾಡಿಸಿದರು. ಅವಳು ಕೇಳದೆ ವಿಡಿಯೊ ಬಿಟ್ಟಳು.

ತುಳಸಿಯ ಬಾಯಿ ಅಲುಗಿತು. ಹರಿಪ್ರಿಯಾ ಎರಡು ಸಾಲು ಓದಿ, ನಿಲ್ಲಿಸಿ, ಕೈ ಆಡಿಸಿದಳು. ರೆಕ್ಕೆ. ಮೇಲೆ. ಪುಟ್ಟ ಹುಡುಗಿ, ಅಂದರೆ ಅವಳೇ. ಕಿವಿ, ಇಲ್ಲ. ಅಂಗಾಲು. ನೆಲ. ಎರಡು ವಾರ ದಿನಕ್ಕೊಂದು ಗಂಟೆ ಬೆರಳುಗಳನ್ನೇ ನೋಡಿದ್ದ ತ್ಯಾಗರಾಜರಿಗೆ ಅವೆಲ್ಲ ಗುರುತು ಹತ್ತಿದವು. ಯಾವಾಗ ಕಲಿತೆ ಎಂದು ಅವರಿಗೇ ತಿಳಿಯಲಿಲ್ಲ. ಗಂಟಲು ಸರಿಮಾಡಿಕೊಂಡರು. ಎಷ್ಟೋ ದಿನದಿಂದ ‘ಆಗೇತ್ರಿ’, ‘ಇರಲಿ ಬಿಡ್ರಿ’ ಬಿಟ್ಟು ಬೇರೆ ಕನ್ನಡ ಆಡದ ಗಂಟಲು.

“ಮೃದೂ,” ಎಂದರು. “ಇಲ್ಲೆ ವಿಮಾನ ಹಾರ್ತಾವು ನೋಡ. ನಿಮ್ಮವ್ವ ಸಣ್ಣಾಕಿ ಇದ್ದಾಗ ಅಕಿಗೆ ಕೇಳಸ್ತಿರಲಿಲ್ಲ. ಆದರ ವಿಮಾನ ಬಂತಂದ್ರ ಎಲ್ಲಾರಕಿಂತ ಮೊದಲ ಅಕಿಗೇ ಗೊತ್ತಾಗ್ತಿತ್ತು. ಅಂಗಾಲಿಗೆ ನೆಲ ಹೇಳ್ತಿತ್ತು ಅಕಿಗೆ.”

ಮಗು ಅಜ್ಜನ ಬಾಯಿ ನೋಡಿತು, ಪರದೆಯ ಅಜ್ಜಿಯ ಬಾಯಿ ನೋಡಿತು. “ಇಮಾನ,” ಎಂದಿತು.

ಕೆಲಸ ಸುಲಭದ್ದಾಗಿರಲಿಲ್ಲ. ಎಂಟು ಜಿಬಿಗೆ ಹಿಂಡುವಾಗ ಅವರು ಬೆರಳು ನೋಡಿದ್ದರೇ ಹೊರತು ತುಟಿ ನೋಡಿರಲಿಲ್ಲ. ಕೆಲವು ಕಡೆ ಬಾಯಿಯ ಅಂಚು ಮಸುಕಾಗಿ ಹೋಗಿತ್ತು. ಅಲ್ಲಿ ಹರಿಪ್ರಿಯಾ ಕೈ ಚೆಲ್ಲುತ್ತಿದ್ದಳು, ಇವರು ಮುಂದಕ್ಕೆ ಹೋಗುತ್ತಿದ್ದರು. ಚೆನ್ನಾಗಿ ಕಂಡಲ್ಲೂ ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. ಅವಳಿಗೆ ಕನ್ನಡ ಗೊತ್ತಿದ್ದದ್ದು ಅಮ್ಮನ ಬಾಯಿಯಷ್ಟೇ, ಬರಹದಲ್ಲಿ ನೋಡಿದ್ದಿಲ್ಲ. ಒಂದು ಮಾತಿಗೆ ಮೂರು ಮಾತು ಊಹಿಸಬೇಕಾಗುತ್ತಿತ್ತು. ಹತ್ತು ನಿಮಿಷಕ್ಕೆ ಒಂದು ಮಧ್ಯಾಹ್ನ ಹಿಡಿಯುತ್ತಿತ್ತು. ತಪ್ಪು ಹೇಳಿದರೆ, ಮಗುವಿನ ಮುಖ ನೋಡಿಯೇ ಹರಿಪ್ರಿಯಾಗೆ ಅನುಮಾನ ಬಂದು ತಂದೆಯ ಮೊಣಕಾಲಿಗೆ ಬಡಿಯುತ್ತಿದ್ದಳು.

ತ್ಯಾಗರಾಜರು ಎರಡು ವಾರಕ್ಕೊಮ್ಮೆ ನಿಫಾಡಿನಿಂದ ಬಸ್ಸು ಹತ್ತತೊಡಗಿದರು. ದುಃಖ ಕಡಿಮೆಯಾಯಿತೆಂದಲ್ಲ, ಬಂತೆಂದೂ ಅಲ್ಲ. ಶನಿವಾರಕ್ಕೊಂದು ಕೆಲಸವಿತ್ತು. ಬೇಸಿಗೆಯ ಹೊತ್ತಿಗೆ ಮೃದುಲಾ ಅಲಕಾತಾಯಿಯ ಮನೆಯಲ್ಲಿ ನಿಂತು “ನೀರ್ ಕೊಡ್ರಿ” ಎನ್ನತೊಡಗಿದಳು, ಅದೂ ಐವತ್ತೇಳು ವರ್ಷದ ಗಂಡಸಿನ ಗತ್ತಿನಲ್ಲಿ. ಅಲಕಾತಾಯಿ ಅದನ್ನು ಎಲ್ಲರಿಗೂ ಮಾಡಿ ತೋರಿಸಿ ನಗುತ್ತಿದ್ದರು.

ಜೂನ್‌ನಲ್ಲಿ, ವರ್ಷಾಂತಿಕ ಮುಗಿಸಿಕೊಂಡು ಹೋದ ಶನಿವಾರ, ಹತ್ತನೇ ಟೇಪಿನ ನಡುವೆ ತುಳಸಿ ಮೊಮ್ಮಗಳಿಗೆ ಏನೋ ಹೇಳುತ್ತ ಬಾಗಿಲ ಕಡೆ ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದವಳಂತೆ ಮುಂದೆ ಬಗ್ಗಿದಳು. ಹರಿಪ್ರಿಯಾ ಓದಿದಳು. ನಿಲ್ಲಿಸಿ, ತಂದೆಯ ಕಡೆ ನೋಡಿ, ಎರಡು ಬೆರಳಿಂದ ಎಡ ಎದೆ ತಟ್ಟಿಕೊಂಡಳು. ಮುಂದಿನ ಶಬ್ದದಲ್ಲಿ ತಡವರಿಸಿದಳು. ತುಟಿ ಎರಡು ಸಲ ಮುಚ್ಚಿ ತೆರೆದದ್ದನ್ನು ತಾನೇ ಮಾಡಿ ತೋರಿಸಿ, ಚೀಟಿಯ ಮೇಲೆ ಮರಾಠಿ ಅಕ್ಷರದಲ್ಲಿ ಬರೆದಳು: ‘ಬಾಬಾ?’

ತ್ಯಾಗರಾಜರು ಇಲ್ಲ ಎಂದರು. ತುಳಸಿ ತಮ್ಮನ್ನು ಎಂದೂ ಬಾಬಾ ಎಂದವಳಲ್ಲ. ಮೂವತ್ತು ವರ್ಷ ಕೇಳಿದ ಮಾತು ಯಾವುದೆಂದು ಅವರಿಗೆ ಗೊತ್ತಿತ್ತು. ‘ಪ’ ಎಂದು ಬರೆದು ತೋರಿಸಿದರು. ಅವಳು ಮತ್ತೆ ಪರದೆ ನೋಡಿ, ಹೌದಿರಬಹುದು ಎಂದು ತಲೆಯಾಡಿಸಿ ಉಳಿದದ್ದನ್ನು ಕೈಯಲ್ಲಿ ಹೇಳಿದಳು.

ಮೃದುಲಾ ಅಜ್ಜನ ಬಾಯಿಯನ್ನೇ ನೋಡುತ್ತಿದ್ದಳು.

“ನಿಮ್ಮಜ್ಜ, ಪಾಪ,” ಎಂದರು ತ್ಯಾಗರಾಜರು. ನೀರು ಕುಡಿದರು. “ನಿಮ್ಮಜ್ಜ, ಪಾಪ, ಗುಂಡಿ ಒತ್ತಿ ಒಳಗ ಹೋಗಿ ಕುಂಡ್ರತಾರ. ಮಾತಾಡಾಕ ಬರೂದಿಲ್ಲ ಅವರಿಗೆ. ನೀ ದೊಡ್ಡಾಕಿ ಆದ ಮ್ಯಾಲೆ ಅವರ ಜೋಡಿ ಮಾತಾಡ್ಬೇಕು ನೋಡ.”

“ಹೂಂ ರಿ,” ಎಂದಳು ಮೃದುಲಾ.

ಹರಿಪ್ರಿಯಾ ಮುಂದಿನ ಭಾಗಕ್ಕೆ ಹೋಗಲೇ ಎಂದು ಕೇಳಿದಳು. ಮುಂದೆ ತುಳಸಿ ಕೈ ಎತ್ತಿ ಲಿಂಬೆಕಾಯಿ ಉಪ್ಪಿನಕಾಯಿಯ ವಿಷಯ ಹೇಳುವುದಿತ್ತು. ಹೋಗು ಎಂದರು ಅವರು. ಹೊರಗೆ ಮೋಡ ಹಾಕಿತ್ತು, ಸಂಜೆಯ ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು.